ಜ್ವರದ ಅನ್ನ

ನಮ್ಮ ಹಂದಿಗಳಿಗೆ ಜ್ವರ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರು ಏನು ಬೇಕಾದರೂ ಹೇಳಿಕೊಳ್ಳಲಿ.

ಜ್ವರ ಬಂದದ್ದು ಜಯಪ್ರಕಾಶರ ಫಾರ್ಮಿಗೆ. ಬೆಳುವಾಯಿಯಿಂದ ಒಳಗೆ ಹೋಗುವ ರಸ್ತೆಯಲ್ಲಿ, ರಬ್ಬರ್ ತೋಟಕ್ಕೆ ತಾಗಿಕೊಂಡು, ಶೀಟು ಹಾಕಿದ ಉದ್ದುದ್ದ ಕೊಟ್ಟಿಗೆಗಳು. ಹಂದಿಗೆ ಫ್ಯಾನು, ಹಂದಿಗೆ ನಳ್ಳಿ ನೀರು, ಗೇಟಿಗೆ ಬೋರ್ಡು. ಅದರ ಕೆಳಗೆ ಗುಡ್ಡದ ಇಳಿಜಾರಿನಲ್ಲಿ ನೆಲ್ಲಿಪಲ್ಕೆ ಕಾಲನಿ. ಕೊರಗರ ಮನೆಗಳು. ಗೋಡೆ ಸರಕಾರದ್ದು, ಮಾಡಿನ ಮೇಲಿನ ಪ್ಲಾಸ್ಟಿಕ್ ನಮ್ಮದು. ನಮಗೆ ನಳ್ಳಿ ಇಲ್ಲ.

ಫಾರ್ಮಿನಲ್ಲಿ ಹಂದಿ ಸಾಯುತ್ತಿವೆ ಎಂದು ಊರಿಗೆಲ್ಲ ಗೊತ್ತಾಗುವ ಮೊದಲೇ ನನಗೆ ಗೊತ್ತಿತ್ತು. ಹೂತವನು ನಾನು.

"ಪುರಂದರ, ಸೆಕೆಗೆ ಎರಡು ಮೂರು ಹಂದಿ ಹೋಗಿದೆ ಮಾರಾಯ. ರಬ್ಬರಿನ ಹಿಂದೆ ಒಂದು ಗುಂಡಿ ಮಾಡು" ಎಂದರು ಜಯಪ್ರಕಾಶ್.

ಮಾಡಿದೆ. ಮುರಕಲ್ಲಿನ ನೆಲ. ಪಿಕ್ಕಾಸು ಬಿದ್ದರೆ ಕಿಡಿ ಹಾರುತ್ತದೆ, ಕಲ್ಲು ಏಳುವುದಿಲ್ಲ. ಸೊಂಟದ ಮಟ್ಟಕ್ಕೆ ಇಳಿಯುವಷ್ಟರಲ್ಲಿ ಅಂಗೈಯ ಚರ್ಮ ಹಿಡಿಗೆ ಅಂಟಿತ್ತು. ಸತ್ತವುಗಳ ಕಾಲಿಗೆ ಹಗ್ಗ ಕಟ್ಟಿ ಎಳೆದೆ. ಕಿವಿ, ಹೊಟ್ಟೆ ನೇರಳೆ ಬಣ್ಣಕ್ಕೆ ತಿರುಗಿದ್ದವು. ಮೂಗಿನಲ್ಲಿ ರಕ್ತ.

"ಇದು ಸೆಕೆ ಅಲ್ಲ ಅಂತ ಕಾಣ್ತದೆ" ಎಂದೆ.

"ನೀನು ಯಾವಾಗ ಡಾಕ್ಟ್ರಾದದ್ದು? ಗುಂಡಿ ಮುಚ್ಚು. ಬಾಯಿಯನ್ನೂ ಮುಚ್ಚು, ಆಯ್ತಾ?"

ಮರುದಿನ ಮತ್ತೆ ಕರೆದರು. ಆಮೇಲೆಯೂ ಕರೆದರು. ಕೆಲಸ ಮುಗಿದ ಮೇಲೆ ತೋಡಿನಲ್ಲಿ ಮಿಂದು, ಬಟ್ಟೆ ಅಲ್ಲೇ ಒಗೆದು ಮನೆಗೆ ಹೋಗುತ್ತಿದ್ದೆ. ರೋಗಕ್ಕೆ ಹೆದರಿ ಅಲ್ಲ. ಆ ನಾತಕ್ಕೆ ಅನ್ನ ಇಳಿಯುತ್ತಿರಲಿಲ್ಲ.

ಕೊನೆಗೆ ಅಡಗಿಸಲಿಕ್ಕೆ ಆಗದಷ್ಟು ಸತ್ತವು. ನಾತ ರಸ್ತೆಗೆ ಬಂತು. ಯಾರೋ ಫೋನು ಮಾಡಿದರು. ಪಶು ಇಲಾಖೆಯವರು ಬಂದು ರಕ್ತ ತೆಗೆದುಕೊಂಡು ಹೋದರು. ಆಫ್ರಿಕನ್ ಹಂದಿ ಜ್ವರ ಎಂದು ಉತ್ತರ ಬಂತು. ಮದ್ದಿಲ್ಲ, ಲಸಿಕೆ ಇಲ್ಲ. ಫಾರ್ಮಿನ ಸುತ್ತ ಒಂದು ಕಿಲೋಮೀಟರಿಗೆ ಗೆರೆ ಎಳೆದರು. ಗೆರೆಯ ಒಳಗಿನ ಹಂದಿ ಎಲ್ಲ ಸಾಯಬೇಕು. ಜ್ವರ ಇರಲಿ, ಇಲ್ಲದಿರಲಿ.

ನಮ್ಮ ಕಾಲನಿ ಗೆರೆಯ ಒಳಗೆ.

"ಊರಿನವರು ನಿಮ್ಮನ್ನು ಒಳಗೆ ಸೇರಿಸಿಕೊಂಡದ್ದು ಇದೇ ಮೊದಲು ಅಲ್ವನಾ?" ಎಂದ ಇರ್ಷಾದ್.

ಇರ್ಷಾದನಿಗೆ ಒಂದು ಗೂಡ್ಸ್ ಟೆಂಪೋ ಉಂಟು. ಮದುವೆ ಹಾಲ್‌ನಲ್ಲಿ ಉಳಿದ ಅನ್ನ, ಸಾರು, ಪಲ್ಯ ಎಲ್ಲ ಡ್ರಮ್ಮಿಗೆ ತುಂಬಿ ನಮ್ಮ ಕಾಲನಿಯ ಬುಡದವರೆಗೆ ತಂದು ಇಳಿಸುವವನು ಅವನೇ. ಅಲ್ಲಿಂದ ಹೊತ್ತುಕೊಂಡು ಹತ್ತುವುದು ನಾನು. ಒಮ್ಮೆ ಹಂದಿಮರಿ ಸಾಗಿಸಲಿಕ್ಕೆ ಕೇಳಿದ್ದೆ. "ಹಂದಿಗೆ ಬಿರಿಯಾನಿ ಬೇಕಾದ್ರೆ ತರ್ತೇನೆ. ಹಂದಿಯನ್ನು ಕೂರಿಸಿದ್ರೆ ನನ್ನ ಉಮ್ಮ ಟೆಂಪೋ ಸಮೇತ ನನ್ನನ್ನು ಹೊಳೆಗೆ ಹಾಕ್ತಾರೆ ಮಾರಾಯ" ಎಂದಿದ್ದ. ಅವತ್ತು ಅವನ ಮಾತಿಗೆ ನಕ್ಕಿದ್ದೆ. ಇವತ್ತು ನಗು ಬರಲಿಲ್ಲ.

* * *

ನನ್ನ ತಾಯಿಯ ಹೆಸರು ತುಕ್ರು. ನಾವು ತಾಯಿಯನ್ನು ಅಪ್ಪೆ ಅನ್ನುತ್ತೇವೆ.

ಅಪ್ಪೆ ಮೂಡಬಿದಿರೆಯ ಬೀದಿಯಲ್ಲಿ ಕಸ ಗುಡಿಸುತ್ತಿದ್ದಳು. ಕಂತ್ರಾಟಿನ ಕೆಲಸ. ಚರಂಡಿಗೆ ಇಳಿದು ಕೈಯಲ್ಲೇ ಬಾಚಬೇಕು. ಡಯಾಪರು, ಸತ್ತ ಇಲಿ, ಮೀನಿನ ಕರುಳು, ಒಡೆದ ಬಾಟ್ಲಿ. ಅವಳ ಎಡಗೈಯ ಎರಡು ಬೆರಳು ಈಗಲೂ ಮಡಚುವುದಿಲ್ಲ. ಬಾಟ್ಲಿ ತಾಗಿ ನರ ಹೋಗಿದೆ.

ಆಮೇಲೆ ಬೊಲ್ಲಿ ಬಂತು. ಬಿಳಿ ಹೆಣ್ಣು ಹಂದಿ, ಬೆನ್ನಿನ ಮೇಲೆ ಒಂದು ಬೂದಿ ಮಚ್ಚೆ. ಅದರ ಎರಡನೇ ಸೂಲಿನ ಮರಿಗಳು ಹೋದ ದಿನ ಅಪ್ಪೆ ಪೊರಕೆಯನ್ನು ಮಾಡಿನ ಸಂದಿಗೆ ಸಿಕ್ಕಿಸಿದಳು. "ಇನ್ನು ಇದು ಅಲ್ಲೇ ಇರಲಿ" ಎಂದಳು. ಅಷ್ಟೇ. ನಮ್ಮ ಮನೆಯಲ್ಲಿ ನಡೆದ ಒಂದೇ ಒಂದು ಹಬ್ಬ ಅದು.

ಬೊಲ್ಲಿ ಇರುವವರೆಗೆ ಪೊರಕೆ ಮೇಲೆ. ಬೊಲ್ಲಿ ಹೋದರೆ ಪೊರಕೆ ಕೆಳಗೆ. ನಮ್ಮ ಲೆಕ್ಕ ಇಷ್ಟೇ ಇತ್ತು.

ಅಪ್ಪೆಗೆ ಎರಡು ಅಭ್ಯಾಸ. ಒಂದು, ಯಾರು ದನಿ ಎತ್ತಿದರೂ "ತಪ್ಪಾಯ್ತು" ಅನ್ನುವುದು. ಬಸ್ಸಿನಲ್ಲಿ ಬೇರೆಯವರು ಇವಳ ಕಾಲು ಮೆಟ್ಟಿದರೆ ಇವಳು ತಪ್ಪಾಯ್ತು ಅನ್ನುತ್ತಾಳೆ. ರೇಶನ್ ಅಂಗಡಿಯಲ್ಲಿ ಅಕ್ಕಿ ಮುಗಿದಿದ್ದರೆ ತಪ್ಪಾಯ್ತು. ನನಗೆ ಇದನ್ನು ಕೇಳಿದರೆ ಮೈ ಉರಿಯುತ್ತದೆ. ನಾನು ಎಂಟನೇ ಕ್ಲಾಸಿನಲ್ಲಿರುವಾಗ ಶಾಲೆಯ ಬಾವಿಗೆ ನಾಯಿ ಬಿದ್ದು ಸತ್ತಿತ್ತು. ಮಾಸ್ಟ್ರು ಇಡೀ ಕ್ಲಾಸನ್ನು ನೋಡಿ ನನ್ನ ಹೆಸರು ಕರೆದರು. ಇಳಿದು ತೆಗೆದೆ. ಮತ್ತೆ ಶಾಲೆಗೆ ಹೋಗಲಿಲ್ಲ. ಮಾಸ್ಟ್ರು ಮನೆಗೆ ಬಂದು ಯಾಕೆ ಕಳಿಸುವುದಿಲ್ಲ ಎಂದು ಗದರಿದಾಗ ಅಪ್ಪೆ ಅವರಿಗೂ ತಪ್ಪಾಯ್ತು ಎಂದಳು.

ಎರಡನೆಯದು, ಅನ್ನ ಕೆದಕುವುದು. ಬಟ್ಟಲಿಗೆ ಅನ್ನ ಹಾಕಿಕೊಂಡರೆ ಮೊದಲು ಐದು ಬೆರಳು ಇಳಿಸಿ ಕೆದಕುತ್ತಾಳೆ. ಅಗುಳು ಅಗುಳು ಬಿಡಿಸಿ ನೋಡುತ್ತಾಳೆ. ತಾನೇ ಬೇಯಿಸಿದ ಅನ್ನವಾದರೂ ಸರಿ. ಮಡಚದ ಆ ಎರಡು ಬೆರಳನ್ನು ಹಾರೆಯ ಹಾಗೆ ನೆಟ್ಟಗೆ ಇಟ್ಟುಕೊಂಡು.

ಏನು ಹುಡುಕುತ್ತಾಳೆ ಎಂದರೆ, ಕೂದಲು.

ಅವಳು ಲಂಗ ಹಾಕುವ ಪ್ರಾಯದಲ್ಲಿ ನನ್ನ ಅಜ್ಜಿಯ ಜೊತೆ ದೊಡ್ಡ ಮನೆಗೆ ಹೋಗಿದ್ದಳು. ಜಯಪ್ರಕಾಶರ ಅಪ್ಪನ ಮನೆ. ಅಲ್ಲಿ ಒಬ್ಬ ಹುಡುಗನಿಗೆ ಜ್ವರ ಬಿಟ್ಟಿರಲಿಲ್ಲ. ಅಜ್ಜಿಯನ್ನು ಅಂಗಳದ ಹೊರಗೆ ಕೂರಿಸಿದರು. ಹುಡುಗನ ತಲೆಯಿಂದ ಕಾಲಿನವರೆಗೆ ನಿವಾಳಿಸಿ ಇಳಿಸಿದ ಅನ್ನವನ್ನು ಎಲೆಗೆ ಹಾಕಿದರು. ಅದರಲ್ಲಿ ಅವನ ಕೂದಲು ಇತ್ತು, ಉಗುರು ಇತ್ತು. ತಿನ್ನು ಎಂದರು. ಕೊರಗ ತಿಂದರೆ ಜ್ವರ ಕೊರಗನಿಗೆ ಹೋಗುತ್ತದೆ. ಅದು ಅವರ ಮದ್ದು. ಅಜ್ಜಿ ತಿಂದಳು. ನಡುವೆ ಒಂದು ಉಗುರು ಗಂಟಲಿಗೆ ಸಿಕ್ಕಿ ಕೆಮ್ಮಿದಳು. "ಉಗಿಯಬೇಡ" ಎಂದು ಗದರಿದರು. "ತಪ್ಪಾಯ್ತು ಧಣಿ" ಎಂದಳು. ನುಂಗಿದಳು.

ಹುಡುಗನ ಜ್ವರ ಇಳಿಯಿತು. ಆ ಹುಡುಗನೇ ಜಯಪ್ರಕಾಶ್.

ಈಗ ಅದಕ್ಕೆ ಕಾನೂನು ಉಂಟು. ಹಾಗೆ ತಿನ್ನಿಸಿದರೆ ಜೈಲು. ಒಳ್ಳೆಯದು. ಆದರೆ ಅಪ್ಪೆಯ ಬೆರಳಿಗೆ ಕಾನೂನು ತಲುಪಲಿಲ್ಲ. ಅದು ಇನ್ನೂ ಹುಡುಕುತ್ತದೆ.

* * *

ಅವರು ಬೆಳಿಗ್ಗೆ ಬಂದರು. ಬಿಳಿ ಕೋಟು, ಬಿಳಿ ಟೊಪ್ಪಿ, ಗಮ್‌ಬೂಟು. ನಮ್ಮ ನಾಯಿಗಳು ಹೆದರಿ ಗುಡ್ಡ ಹತ್ತಿದವು. ಮುಂದೆ ಡಾಕ್ಟರ್ ನವ್ಯಾ, ಚಿಕ್ಕ ಪ್ರಾಯದ ಹೆಂಗಸು, ಬೇರೆ ಜಿಲ್ಲೆಯವರು. ದಾರಿ ತೋರಿಸಲಿಕ್ಕೆ ಎಂದು ಜಯಪ್ರಕಾಶ್. ಅವರ ಫಾರ್ಮಿನ ಕೆಲಸ ಹಿಂದಿನ ದಿನವೇ ಮುಗಿದಿತ್ತು. ಅಲ್ಲಿಗೆ ಜೆಸಿಬಿ ಬಂದು ಗುಂಡಿ ತೋಡಿತ್ತು.

ನಮ್ಮಲ್ಲಿಗೆ ಜೆಸಿಬಿ ಹತ್ತಲಿಲ್ಲ. ದಾರಿ ಇಲ್ಲ. ದಾರಿ ಮಾಡಿಕೊಡಿ ಎಂದು ಪಂಚಾಯತಿಗೆ ಅಲೆದು ನಮ್ಮ ಕಾಲು ಸವೆದಿತ್ತು.

"ಹಾಗಾದ್ರೆ ಕೈಯಲ್ಲೇ ತೋಡ್ಬೇಕು" ಎಂದರು ಡಾಕ್ಟರು. ಬಿಳಿ ಕೋಟಿನವರು ಒಬ್ಬರನ್ನೊಬ್ಬರು ನೋಡಿಕೊಂಡರು. ಆಮೇಲೆ ಎಲ್ಲರೂ ನನ್ನನ್ನು ನೋಡಿದರು. ಬಾವಿಯ ಹತ್ತಿರ ಮಾಸ್ಟ್ರು ನೋಡಿದ ಹಾಗೆಯೇ.

ನಮ್ಮ ಹಂದಿಯ ಗುಂಡಿಯನ್ನು ನಾವೇ ತೋಡಿದೆವು. ನಾನು, ಪಕ್ಕದ ಮನೆಯ ಐತಪ್ಪ, ಅವನ ತಮ್ಮ. ಆಳ ಸಾಲದು ಎಂದರು. ಇನ್ನೂ ಇಳಿದೆವು. ಮೇಲಿನಿಂದ ಸುಣ್ಣದ ಚೀಲ ಇಳಿಸಿದರು. ಬೆವರಿಗೆ ಸುಣ್ಣ ಹತ್ತಿ ಬೆನ್ನು ಸುಟ್ಟಿತು.

ಹಂದಿಗಳು ಬಿಳಿ ಕೋಟು ನೋಡಿ ಗೂಡಿನಿಂದ ಹಾರಿ ಪೊದೆಗೆ ನುಗ್ಗಿದವು. ಹಿಡಿಯಲಿಕ್ಕೆ ಹೋದವರು ಜಾರಿ ಬಿದ್ದರು. ಒಬ್ಬನ ಕೋಟು ಹರಿಯಿತು.

"ಇವಳು ಕರೆದ್ರೆ ಬರ್ತವೆ" ಎಂದರು ಜಯಪ್ರಕಾಶ್, ಅಪ್ಪೆಯನ್ನು ತೋರಿಸಿ. "ತುಕ್ರು, ಪಾತ್ರೆ ಬಡಿ."

ದಿನಾ ಮದುವೆ ಹಾಲಿನ ಅನ್ನ ಬಂದ ಮೇಲೆ ಅಪ್ಪೆ ಅದರಿಂದ ಟೂತ್‌ಪಿಕ್, ಪ್ಲಾಸ್ಟಿಕ್ ಚಮಚ, ಕರವಸ್ತ್ರ ಎಲ್ಲ ಹೆಕ್ಕಿ ತೆಗೆಯುತ್ತಾಳೆ. ಮತ್ತೆ ದೊಡ್ಡ ಪಾತ್ರೆಯಲ್ಲಿ ಕುದಿಸುತ್ತಾಳೆ. ಆರಿದ ಮೇಲೆ ಸೌಟಿನಿಂದ ಪಾತ್ರೆಯ ಅಂಚಿಗೆ ಬಡಿಯುತ್ತಾಳೆ. ಆ ಸದ್ದಿಗೆ ಹಂದಿಗಳು ಎಲ್ಲಿದ್ದರೂ ಓಡಿ ಬರುತ್ತವೆ.

ಅಪ್ಪೆ ನನ್ನ ಮುಖ ನೋಡಲಿಲ್ಲ. ಸೌಟು ತೆಗೆದುಕೊಂಡಳು.

"ಬೇಡ ಅಪ್ಪೆ" ಎಂದೆ ಗುಂಡಿಯೊಳಗಿನಿಂದ.

ಅವಳು ಬಡಿದಳು. ಟಣ್ ಟಣ್ ಟಣ್. ಪೊದೆ ಅಲ್ಲಾಡಿತು. ಬೊಲ್ಲಿ ಎಲ್ಲಕ್ಕಿಂತ ಮುಂದೆ ಬಂತು. ಕಿವಿ ಮುಂದೆ ಮಾಡಿಕೊಂಡು, ನೆಲಕ್ಕೆ ತಾಗುವ ಹೊಟ್ಟೆ ಎಳೆದುಕೊಂಡು. ಗಬ್ಬ ತುಂಬಿತ್ತು. ಮೊಲೆ ಇಳಿದಿತ್ತು. ಇವತ್ತೋ ನಾಳೆಯೋ ಎನ್ನುವ ಹಾಗಿತ್ತು. ಅದು ಬಂದು ಅಪ್ಪೆಯ ಸೀರೆಗೆ ಮೂಗು ಒರೆಸಿತು.

"ಗಬ್ಬ ಉಂಟು ಧಣಿ" ಎಂದಳು ಅಪ್ಪೆ ಡಾಕ್ಟರಿಗೆ. ಅವಳಿಗೆ ಎಲ್ಲರೂ ಧಣಿಯೇ. "ಈದ ಮೇಲೆ ತೆಗೆಯಿರಿ. ಮರಿಗೆ ಜ್ವರ ಇಲ್ಲವಲ್ಲ, ಹೊಟ್ಟೆಯ ಒಳಗೆ ಉಂಟಲ್ಲ."

"ಆಗೋದಿಲ್ಲ ಅಮ್ಮ. ರೂಲ್ಸ್ ಇದೆ."

"ಇದರ ರಕ್ತ ತೆಗೆದು ನೋಡಿ" ಎಂದೆ ನಾನು. "ಜ್ವರ ಇದ್ರೆ ಕೊಲ್ಲಿ. ಇಲ್ಲದಿದ್ರೆ ಬಿಡಿ."

"ಒಂದೊಂದನ್ನು ನೋಡ್ತಾ ಕೂತರೆ ಅಷ್ಟರಲ್ಲಿ ಜಿಲ್ಲೆಗೆಲ್ಲ ಹಬ್ಬುತ್ತದೆ." ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಸುಸ್ತು ಇತ್ತು. "ನನಗೆ ಖುಷಿಯಾ ಇದು? ನೀವು ಹಿಡ್ಕೊಳ್ಳಿ. ನೀವು ಹಿಡಿದರೆ ಅದಕ್ಕೆ ಹೆದರಿಕೆ ಕಡಿಮೆ."

ನಾನು ಗುಂಡಿಯಿಂದ ಹತ್ತಿ ಬಂದು ಹಿಡಿದೆ. ಮೂತಿಗೆ ಹಗ್ಗ ಹಾಕಿ, ಕುತ್ತಿಗೆಯನ್ನು ನನ್ನ ತೊಡೆಗೆ ಒತ್ತಿ ಹಿಡಿದೆ. ಸೂಜಿ ಹಾಕಿದರು. ಬೊಲ್ಲಿ ಒಮ್ಮೆ ನನ್ನನ್ನು ನೋಡಿತು, ಆಮೇಲೆ ಪಾತ್ರೆಯನ್ನು ನೋಡಿತು. ಕಾಲು ಮಡಚಿತು. ಉಸಿರು ನಿಂತ ಮೇಲೂ ಹೊಟ್ಟೆ ಅಲ್ಲಾಡುತ್ತಿತ್ತು. ಮರಿಗಳು ಒದೆಯುತ್ತಿದ್ದವು. ನನ್ನ ಅಂಗೈಗೆ ಗೊತ್ತಾಗುತ್ತಿತ್ತು. ತುಂಬ ಹೊತ್ತು ಒದ್ದವು.

ಅಪ್ಪೆ ಸೌಟು ಹಿಡಿದುಕೊಂಡೇ ನಿಂತಿದ್ದಳು. ಡಾಕ್ಟರು ಪಾತ್ರೆಯ ಒಳಗೆ ಇಣುಕಿದರು.

"ಏನಿದು? ಊಟದ ವೇಸ್ಟಾ? ಹಂದಿಗೆ ಇದನ್ನು ಹಾಕಬಾರದು ಅಂತ ಹೇಳಿದ್ದೇವಲ್ಲ? ಇದರಿಂದಲೇ ರೋಗ ಬರೋದು!" ದನಿ ಏರಿತು.

ದನಿ ಏರಿತು, ಅಷ್ಟೇ ಸಾಕಾಯಿತು.

"ತಪ್ಪಾಯ್ತು" ಎಂದಳು ಅಪ್ಪೆ.

ಜಯಪ್ರಕಾಶ್ ಜೇಬಿನಿಂದ ಮೊಬೈಲು ತೆಗೆದರು. ಮೆಲ್ಲ ಹತ್ತಿರ ಬಂದರು. ಮಗುವಿನ ಹತ್ತಿರ ಮಾತಾಡುವ ಹಾಗೆ ಕೇಳಿದರು.

"ಎಂತ ಹೇಳಿದೆ ತುಕ್ರು? ನೀವು ಹಾಕಿದ ಎಂಜಲಿನಿಂದಲೇ ಜ್ವರ ಬಂದದ್ದು ಅಲ್ವಾ?"

"ಹೌದು ಧಣಿ. ತಪ್ಪಾಯ್ತು."

"ನಿಮ್ಮಲ್ಲಿಂದಲೇ ನಮ್ಮ ಫಾರ್ಮಿಗೆ ಬಂದದ್ದು."

"ತಪ್ಪಾಯ್ತು ಧಣಿ. ತಪ್ಪಾಯ್ತು."

ನಾನು ಗುಂಡಿಯ ಅಂಚಿನಿಂದ ಎದ್ದು ಓಡಿದೆ. "ಸುಳ್ಳು! ಇವರ ಹಂದಿ ಎಷ್ಟೋ ಮೊದಲೇ ಸತ್ತಿವೆ. ರಬ್ಬರಿನ ಹಿಂದೆ ಹೂತದ್ದು ನಾನು. ಬನ್ನಿ ಡಾಕ್ಟ್ರೇ, ತೋಡಿ ತೋರಿಸ್ತೇನೆ!"

ಡಾಕ್ಟರು ಜಯಪ್ರಕಾಶರನ್ನು ನೋಡಿದರು. ರೋಗ ಅಡಗಿಸಿದರೆ ಶಿಕ್ಷೆ ಉಂಟು ಎಂದು ಡಾಕ್ಟರೇ ಊರಿಡೀ ಮೈಕಿನಲ್ಲಿ ಹೇಳಿಕೊಂಡು ಬಂದವರು.

"ತೋಡಲಿ" ಎಂದರು ಜಯಪ್ರಕಾಶ್, ನಗುತ್ತಲೇ. "ರೋಗದ ಹಂದಿಯನ್ನು ಹೊರಗೆ ತೆಗೆದ ಅಂತ ಅವನ ಮೇಲೆಯೇ ಕೇಸು. ಹೌದಲ್ಲ ಡಾಕ್ಟ್ರೇ?"

"ಹೂತದ್ದನ್ನು ತೆಗೆಯುವ ಹಾಗಿಲ್ಲ" ಎಂದರು ಡಾಕ್ಟರು. ನನ್ನ ಕಡೆ ತಿರುಗಿದರು. "ಹೂಳುವಾಗ ಯಾರಾದರೂ ನೋಡಿದ್ದಾರಾ?"

"ನಾನು ನೋಡಿದ್ದೇನೆ."

"ನಿಮ್ಮನ್ನು ಬಿಟ್ಟು?"

ನನ್ನನ್ನು ಬಿಟ್ಟು ಇದ್ದವರು ಹಂದಿಗಳು.

* * *

ಸಂಜೆಯ ಒಳಗೆ ವಿಡಿಯೋ ಎಲ್ಲ ಮೊಬೈಲಿಗೆ ಹೋಗಿತ್ತು. ಇರ್ಷಾದ್ ಟೆಂಪೋ ನಿಲ್ಲಿಸಿ ತೋರಿಸಿದ. ಅಪ್ಪೆ ಸೌಟು ಹಿಡಿದು ನಿಂತಿದ್ದಾಳೆ. ತಪ್ಪಾಯ್ತು ಧಣಿ. ಕೆಳಗೆ ಯಾರೋ ಬರೆದಿದ್ದರು: ಹಂದಿ ಜ್ವರ ತಂದವರು ಇವರೇ, ಎಚ್ಚರ.

"ಎಲ್ಲಾ ಗ್ರೂಪಿಗೂ ಬಂದಿದೆ" ಎಂದ ಇರ್ಷಾದ್. "ನಮ್ಮ ಮಸೀದಿ ಗ್ರೂಪಿಗೂ ಬಂದಿದೆ ಮಾರಾಯ. ನಮಗೂ ಹಂದಿಗೂ ಎಂತ ಸಂಬಂಧ?" ಮೊಬೈಲನ್ನು ಜೇಬಿಗೆ ಹಾಕಿದ. "ಮದುವೆ ಹಾಲ್‌ನವರು ಇನ್ನು ನೀವು ಹಂದಿ ಸಾಕಿದ್ರೂ ಡ್ರಮ್ಮು ಕೊಡುವುದಿಲ್ಲ ಅಂದ್ರು. ನಿನ್ನನ್ನು ಗೇಟಿನ ಒಳಗೆ ಬಿಡ್ಬಾರದು ಅಂತೆ."

ಈ ಜ್ವರ ಮನುಷ್ಯರಿಗೆ ತಾಗುವುದಿಲ್ಲ. ಇದನ್ನು ಡಾಕ್ಟರು ಮೈಕಿನಲ್ಲಿ ಹೇಳಿದ್ದರು. ಹಂದಿಯನ್ನು ಕೊಲ್ಲಬೇಕು ಎಂದದ್ದು ಎಲ್ಲರ ಕಿವಿಗೆ ಹೋಯಿತು. ಮನುಷ್ಯರಿಗೆ ತಾಗುವುದಿಲ್ಲ ಎಂದದ್ದು ಯಾರ ಕಿವಿಗೂ ಹೋಗಲಿಲ್ಲ. ಐತಪ್ಪನ ಹೆಂಡತಿ ಹೆಣೆದ ಬುಟ್ಟಿಗಳನ್ನು ಅಂಗಡಿಯವನು ರಸ್ತೆಗೆ ಎಸೆದ. ಅಂಗನವಾಡಿಯಲ್ಲಿ ನಮ್ಮ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಅಲ್ಲೇ ಗಂಜಿ ಹಾಕಿದರು. ಬಸ್ಸಿನಲ್ಲಿ ಅಪ್ಪೆಯ ಪಕ್ಕದ ಸೀಟು ಖಾಲಿ.

ಮತ್ತೊಂದು ದಿನ ಜಯಪ್ರಕಾಶ್ ನಮ್ಮ ಮನೆಗೆ ಬಂದರು. ಒಳಗೆ ಬರಲಿಲ್ಲ. ಅಂಗಳದಲ್ಲಿ ನಿಂತರು.

"ಪಂಚಾಯತಿನಲ್ಲಿ ಸಭೆ ಇಟ್ಟಿದ್ದಾರೆ, ಹಂದಿ ಜ್ವರದ್ದು. ತಾಲೂಕಿನಿಂದ ದೊಡ್ಡ ಆಫೀಸರು ಬರ್ತಾರೆ. ತುಕ್ರು, ನೀನು ಅವತ್ತು ಹೇಳಿದ್ದನ್ನು ಅಲ್ಲಿ ಇನ್ನೊಮ್ಮೆ ಹೇಳಿದ್ರೆ ಆಯ್ತು. ಮತ್ತೆ ನನ್ನ ಫಾರ್ಮಿಗೆ ಹೊಸ ಮರಿ ಬರುವಾಗ ನಿನಗೆ ಎರಡು ಹೆಣ್ಣು ಮರಿ. ಜಾತಿ ಮರಿ, ಆಯ್ತಾ?"

"ಹೇಳದಿದ್ರೆ?" ಎಂದೆ.

"ನಿನ್ನ ಹತ್ತಿರ ಮಾತಾಡ್ಲಿಲ್ಲ ನಾನು." ಅವರು ನನ್ನ ಕಡೆ ತಿರುಗಲೇ ಇಲ್ಲ. "ಹಂದಿಗಳ ಹತ್ತಿರ ಕೆಲಸ ಮಾಡಿ ಎರಡೂ ಕಡೆ ಓಡಾಡಿದವ ಯಾರು ಅಂತ ಆಫೀಸರು ಕೇಳಿದ್ರೆ ನಾನು ಹೆಸರು ಹೇಳ್ಬೇಕಾಗ್ತದೆ. ಅದು ಬೇಡ ಅಂತ ನನ್ನ ಮನಸ್ಸಿನಲ್ಲಿ ಉಂಟು."

ಅಪ್ಪೆ ಕೈ ಮುಗಿದಳು. "ಹೇಳ್ತೇನೆ ಧಣಿ."

ಅವರು ಹೋದ ಮೇಲೆ ನಾನು ಖಾಲಿ ಪಾತ್ರೆಯನ್ನು ಒದ್ದೆ. ಅದು ಉರುಳಿಕೊಂಡು ಹೋಗಿ ಖಾಲಿ ಗೂಡಿಗೆ ತಾಗಿ ನಿಂತಿತು.

"ಎಂಜಲು ಹಾಕಿದ್ದು ತಪ್ಪಂತೆ! ಇಷ್ಟು ಕಾಲ ಇವರ ಎಂಜಲು ನಾವು ತಿಂದಾಗ ಯಾರಿಗೂ ರೋಗ ಕಾಣಲಿಲ್ಲ. ಅಜ್ಜ ತಿಂದ, ಅಜ್ಜಿ ತಿಂದಳು. ಒಬ್ಬ ಇಲಾಖೆಯವನೂ ಬರಲಿಲ್ಲ. ಹಂದಿ ತಿಂದಾಗ ರೂಲ್ಸ್ ಬಂತು!"

"ಮೆಲ್ಲ ಮಾತಾಡು ಮಗಾ."

"ಯಾಕೆ ಮೆಲ್ಲ? ನೀನು ಒಂದು ದಿನ ತಪ್ಪಾಯ್ತು ಅನ್ನದೆ ಬದುಕಿ ನೋಡು ಅಪ್ಪೆ. ಒಂದೇ ಒಂದು ದಿನ!"

ಅವಳು ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಅಂಥ ಸಿಟ್ಟು ನಾನು ಮೊದಲು ನೋಡಿರಲಿಲ್ಲ.

"ಅನ್ನದೆ ಬದುಕಿದವ ಒಬ್ಬನನ್ನು ತೋರಿಸು. ನಿನ್ನ ಅಪ್ಪ ಅನ್ನಲಿಲ್ಲ. ಕದ್ದದ್ದು ನಾನಲ್ಲ ಅಂತ ಠಾಣೆಯಲ್ಲಿ ಎದೆ ಎತ್ತಿ ನಿಂತ. ಮನೆಗೆ ತಂದು ಮಲಗಿಸಿದೆ. ಮತ್ತೆ ಎದ್ದನಾ? ನಾನು ಅಂದೆ, ಅದಕ್ಕೆ ಉಳಿದೆ. ಅದಕ್ಕೆ ನೀನು ಉಳಿದೆ. ಇಷ್ಟುದ್ದ ಬೆಳೆದು ನನಗೇ ಬೊಬ್ಬೆ ಹಾಕ್ತೀಯಲ್ಲ, ಆ ಗಂಟಲು ನನ್ನ ತಪ್ಪಾಯ್ತಿನಿಂದ ಬಂದದ್ದು."

ಅವಳು ಹೋಗಿ ಪಾತ್ರೆ ಎತ್ತಿ, ಮಣ್ಣು ಒರೆಸಿ, ಬೋರಲು ಹಾಕಿದಳು.

"ಎರಡು ಮರಿ ಬರಲಿ" ಎಂದಳು. "ಪೊರಕೆ ತೆಗೆಯುವುದು ಬೇಡ ನನಗೆ. ಆ ಚರಂಡಿ ಬೇಡ."

* * *

ಸಭೆಯ ದಿನ ಪಂಚಾಯತಿನ ಅಂಗಳಕ್ಕೆ ಶಾಮಿಯಾನ ಹಾಕಿದ್ದರು. ಮುಂದೆ ಕುರ್ಚಿ, ಹಿಂದೆ ಬೆಂಚು, ಶಾಮಿಯಾನದ ಹೊರಗೆ ನಾವು. ಡಾಕ್ಟರ್ ನವ್ಯಾ ಮೇಜಿನ ತುದಿಯಲ್ಲಿ ಕೂತಿದ್ದರು. ತಾಲೂಕಿನ ಆಫೀಸರು ಬರುವುದು ತಡವಾಯಿತು. ಹಾಗಾಗಿ ಊಟ ಮೊದಲು, ಭಾಷಣ ಆಮೇಲೆ ಎಂದರು ಪಂಚಾಯತಿನ ಅಧ್ಯಕ್ಷೆ ಹರಿಣಾಕ್ಷಿ.

ಒಳಗಿನವರು ಉಂಡರು. ಆಫೀಸರೂ ಬಂದು ಉಂಡರು. ಕೊನೆಗೆ ಜಯಪ್ರಕಾಶ್ ಹೇಳಿದರು, "ತುಕ್ರುವಿಗೂ ಕೊಡಿ. ಪಾಪ, ಮಾತಾಡ್ಲಿಕ್ಕೆ ಉಂಟು ಅವಳಿಗೆ."

ಬಡಿಸುವವನು ಹೊರಗೆ ಬಂದ. ಬೇಲಿಯ ಹತ್ತಿರ ನೆಲದ ಮೇಲೆ ಎಲೆ ಇಟ್ಟ. ಬಗ್ಗಲಿಲ್ಲ. ಮೇಲಿನಿಂದಲೇ ಅನ್ನ ಬಿಟ್ಟ, ಮೇಲಿನಿಂದಲೇ ಸಾರು ಬಿಟ್ಟ. ಸಾರು ಎಲೆ ದಾಟಿ ಮಣ್ಣಿಗೆ ಹರಿಯಿತು.

ಅಪ್ಪೆ ಕೂತಳು. ಐದು ಬೆರಳು ಇಳಿಸಿದಳು. ಕೆದಕಿದಳು.

ಒಳಗೆ ಯಾರೋ ಮೈಕು ಪರೀಕ್ಷೆ ಮಾಡುತ್ತಿದ್ದರು. ಹಲೋ, ಹಲೋ. ಅಪ್ಪೆ ಕೆದಕುತ್ತಲೇ ಇದ್ದಳು. ಅನ್ನವನ್ನು ಎಲೆಯ ಉದ್ದಕ್ಕೂ ಹರಡಿದಳು. ಅಗುಳು ಅಗುಳು ಬಿಡಿಸಿದಳು. ಏನೂ ಇರಲಿಲ್ಲ. ಅನ್ನ ಬೆಳ್ಳಗೆ ಇತ್ತು, ಚೊಕ್ಕ ಇತ್ತು. ಆದರೂ ಅವಳು ಬಾಯಿಗೆ ಇಡಲಿಲ್ಲ.

"ತಿನ್ನು ಮಾರಾಯ್ತಿ, ಎಂತ ಹುಡುಕ್ತೀ ಅದರಲ್ಲಿ?" ಎಂದ ಬಡಿಸುವವನು. "ನಿಮ್ಮ ಹಂದಿ ಇಷ್ಟು ನಾಜೂಕು ಮಾಡ್ತದಾ?"

ಬೆಂಚಿನವರು ನಕ್ಕರು. ಜಯಪ್ರಕಾಶರೂ ಶಾಮಿಯಾನದ ಕಂಬಕ್ಕೆ ಒರಗಿ ನೋಡುತ್ತಿದ್ದರು. "ತಿನ್ನು ತುಕ್ರು" ಎಂದರು. "ತಿಂದು ಬೇಗ ಬಾ."

ಅಪ್ಪೆಯ ಕೈ ನಿಂತಿತು.

ಅವಳು ಅವರ ಮುಖ ನೋಡಿದಳು. ಅವಳು ಧಣಿಗಳ ಮುಖ ನೋಡುವವಳಲ್ಲ, ಪಾದ ನೋಡುವವಳು. ಎಲೆಯನ್ನು ಮಡಚಿದಳು. ಉಂಡು ಮುಗಿಸಿದವರ ಹಾಗೆ. ಎದ್ದಳು. ಟಾಂಕಿಯ ನಳ್ಳಿಗೆ ಹೋದಳು. ಆ ನಳ್ಳಿ ನಾವು ಮುಟ್ಟುವ ನಳ್ಳಿ ಅಲ್ಲ. ತಿರುಗಿಸಿ ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡು ಶಾಮಿಯಾನದ ಒಳಗೆ ಹೋದಳು. ನಾನೂ ಹಿಂದೆ ಹೋದೆ. ಯಾರೂ ತಡೆಯಲಿಲ್ಲ. ಅವಳನ್ನು ಕರೆದದ್ದು ಅವರೇ ಅಲ್ಲವೇ.

ಹರಿಣಾಕ್ಷಿ ಮೈಕು ಬಗ್ಗಿಸಿ ಕೊಟ್ಟರು. "ಹೆದರ್ಬೇಡ. ಹೇಳು."

"ನಿಮ್ಮಲ್ಲಿಂದ ಹೇಗೆ ಶುರುವಾಯ್ತು, ಹೇಳಿ ಅಮ್ಮ" ಎಂದರು ಆಫೀಸರು ಕೈಗಡಿಯಾರ ನೋಡುತ್ತ.

ಅಪ್ಪೆಗೆ ಮೈಕಿನ ಹತ್ತಿರ ಮಾತಾಡಲಿಕ್ಕೆ ಗೊತ್ತಿಲ್ಲ. ದೂರ ನಿಂತಿದ್ದಳು. ಆದರೂ ಕೇಳಿಸಿತು. ಅಷ್ಟು ನಿಶ್ಶಬ್ದ.

"ನನ್ನಿಂದ ತಪ್ಪಾಗಲಿಲ್ಲ" ಎಂದಳು.

ಯಾರಿಗೂ ಅರ್ಥವಾಗಲಿಲ್ಲ. ನನಗೂ ಒಂದು ಕ್ಷಣ ಆಗಲಿಲ್ಲ. ಆ ಬಾಯಿಯಿಂದ ಆ ಮಾತು ನಾನು ಕೇಳಿರಲಿಲ್ಲ.

"ತುಕ್ರು" ಎಂದರು ಜಯಪ್ರ‌ಕಾಶ್. ಮೆಲ್ಲಗೆ. ಎಚ್ಚರಿಕೆಯ ಹಾಗೆ.

ಅವಳು ಅವರ ಕಡೆ ತಿರುಗಿದಳು. ಧಣಿ ಅನ್ನಲಿಲ್ಲ.

"ನೀವು ಸಣ್ಣವರಿರುವಾಗ ನಿಮಗೆ ಜ್ವರ ಬಂದಿತ್ತು. ನಿಮ್ಮ ಮನೆಯವರು ಅನ್ನಕ್ಕೆ ನಿಮ್ಮ ಕೂದಲು ಹಾಕಿದರು, ಉಗುರು ಹಾಕಿದರು. ನನ್ನ ಅಪ್ಪೆಗೆ ತಿನ್ನು ಅಂದರು. ನಾನು ಪಕ್ಕದಲ್ಲಿ ಕೂತಿದ್ದೆ. ನಿಮ್ಮ ಜ್ವರವನ್ನು ನನ್ನ ಅಪ್ಪೆ ತಿಂದಳು. ನಿಮ್ಮ ಹಂದಿಯ ಜ್ವರವನ್ನು ನಾನು ತಿನ್ನುವುದಿಲ್ಲ."

ಮೈಕು ಕುಂಯ್ ಎಂದಿತು. ಯಾರೋ ಆಫ್ ಮಾಡಿದರು.

"ಹಂದಿ ಹೋದದ್ದಕ್ಕೆ ಇವಳ ತಲೆ ಕೆಟ್ಟಿದೆ" ಎಂದರು ಜಯಪ್ರಕಾಶ್. ನಗಲಿಕ್ಕೆ ನೋಡಿದರು. ಬೆಂಚಿನವರು ಈ ಸಲ ನಗಲಿಲ್ಲ. ಚಪ್ಪಲಿ ನೋಡಿಕೊಂಡರು. ಆಫೀಸರು "ಹಳೇ ವಿಷಯ ಎಲ್ಲ ಈಗ ಯಾಕೆ" ಎಂದು ಕಾಗದ ಮಗುಚಿದರು. ಡಾಕ್ಟರ್ ನವ್ಯಾ ಮಾತ್ರ ನನ್ನನ್ನು ಕೇಳಿದರು, ತುಂಬ ಮೆಲ್ಲಗೆ: "ರಬ್ಬರಿನ ಹಿಂದೆ, ಯಾವ ಕಡೆ?"

ಹೇಳಿದೆ. ಅವರು ತಲೆ ಆಡಿಸಿದರು. ಅಷ್ಟೇ. ಆಮೇಲೆ ಅವರಿಗೆ ವರ್ಗವಾಯಿತು ಎಂದು ಇರ್ಷಾದ್ ಹೇಳಿದ. ರಬ್ಬರಿನ ಹಿಂದೆ ಈಗ ಹುಲ್ಲು ಬಂದಿದೆ. ಬೇರೆ ಕಡೆಗಿಂತ ಹಸಿರು ಹುಲ್ಲು.

ಫಾರ್ಮಿನ ಗೇಟು ಮತ್ತೆ ತೆರೆಯಿತು. ಹೊಸ ಮರಿಗಳ ಲಾರಿ ನಮ್ಮ ಕಾಲನಿಯ ಬುಡದಲ್ಲೇ ಹೋಯಿತು. ಅವು ಕಿರಿಚುವುದು ಮೇಲಿನವರೆಗೆ ಕೇಳಿಸಿತು. ಅಪ್ಪೆ ಬಾಗಿಲಿಗೆ ಬಂದು ನಿಂತಳು, ಸದ್ದು ದೂರವಾಗುವವರೆಗೆ. ಎರಡು ಮರಿ ನಮ್ಮ ಅಂಗಳಕ್ಕೆ ಬರಲಿಲ್ಲ. ಬರುತ್ತವೆ ಎಂದು ನಾವೂ ಕಾಯಲಿಲ್ಲ. ಸರಕಾರದ ಪರಿಹಾರ ಕೇಳಿದರೆ, ಎಂಜಲು ಹಾಕಿ ಸಾಕಿದ ಹಂದಿಗೆ ಹೇಗೆ ಕೊಡುವುದು ಎಂದು ವಿಡಿಯೋ ತೋರಿಸಿದರು. ಅದರಲ್ಲಿ ಅಪ್ಪೆ ಇನ್ನೂ ತಪ್ಪಾಯ್ತು ಅನ್ನುತ್ತಲೇ ಇದ್ದಾಳೆ. ಸಭೆಯಲ್ಲಿ ಆಡಿದ್ದನ್ನು ಯಾರೂ ವಿಡಿಯೋ ಮಾಡಿರಲಿಲ್ಲ.

ಅಕ್ಕಿ ಮುಗಿದ ದಿನ ಅವಳು ಸ್ಟೂಲಿನ ಮೇಲೆ ಹತ್ತಿ ಪೊರಕೆ ತೆಗೆದಳು. ಕಡ್ಡಿಗಳಿಗೆ ಜೇಡ ಬಲೆ ಕಟ್ಟಿತ್ತು. ಹೊರಗೆ ತಂದು ಕಲ್ಲಿಗೆ ಬಡಿದಳು. ಟಪ್ ಟಪ್ ಟಪ್. ನಾನು ಗೂಡಿನ ಕಡೆ ನೋಡಿದೆ. ಅವಳು ನೋಡಲಿಲ್ಲ.

ಚರಂಡಿ ಕೆಲಸಕ್ಕೆ ನನಗೂ ಒಂದು ಹಾರೆ ಕೊಡುತ್ತಾರಂತೆ. ಇಬ್ಬರೂ ಹೋದೆವು. ಮೊದಲ ಬಸ್ಸು ಬರಲಿಲ್ಲ. ಎರಡನೆಯದಕ್ಕೆ ಹತ್ತಿ ಮೂಡಬಿದಿರೆಯಲ್ಲಿ ಇಳಿಯುವಾಗ ಬಿಸಿಲು ಏರಿತ್ತು. ಮೇಸ್ತ್ರಿ ಮಾರ್ಕೆಟಿನ ಚರಂಡಿಯ ಹತ್ತಿರ ಸೊಂಟಕ್ಕೆ ಕೈ ಇಟ್ಟು ನಿಂತಿದ್ದ. ದೂರದಿಂದಲೇ ಬೊಬ್ಬೆ ಹಾಕಿದ.

"ಹೋಯ್ ತುಕ್ರು! ಮಹಾರಾಣಿ! ಈಗ ಬರುವುದಾ? ಗಂಟೆ ಎಷ್ಟಾಯ್ತು ಗೊತ್ತುಂಟಾ?"

ಅಪ್ಪೆಯ ತುಟಿ ಅಲ್ಲಾಡಿತು. ಇಷ್ಟು ವರ್ಷದ ಅಭ್ಯಾಸ. ಆ ಮಾತು ಅವಳ ನಾಲಗೆಯ ತುದಿಗೆ ಬಂದದ್ದು ನನಗೆ ಕಂಡಿತು.

"ಬಸ್ಸು ಬರಲಿಲ್ಲ" ಎಂದಳು ಅಪ್ಪೆ.

ಸೀರೆ ಎತ್ತಿ ಕಟ್ಟಿ ಚರಂಡಿಗೆ ಇಳಿದಳು.